ಗಡ್ಡ, ಪೇಟ, ಕನ್ನಡಕ ನಂಬಿ ಕೆಟ್ಟೆ

ಪರದೆ ಮೇಲೆ ಬಿಳಿ ಗಡ್ಡದ ಮುಖವೊಂದು ಬಂತು. ಉತ್ತರ ಹೇಳೋಕೆ ಹತ್ತು ಸೆಕೆಂಡ್ ಟೈಮು. ನಾನು ಮೂರನೇ ಸೆಕೆಂಡಿಗೇ ಬಜರ್ ಒತ್ತಿ "ಯು.ಆರ್. ಅನಂತಮೂರ್ತಿ" ಅಂದೆ. ಹಿಂದಿನ ಸಾಲಿನಿಂದ ನಗು ಕೇಳಿಸಿತು. ಅದು ರಾಮಕೃಷ್ಣ ಹೆಗಡೆಯವರ ಫೋಟೋ.

"ಸರ್, ಅವರು ಮುಖ್ಯಮಂತ್ರಿ ಆಗಿದ್ದಾಗ ನೀವು ಸ್ಕೂಲಲ್ಲಿ ಇದ್ರಿ ಅಲ್ವಾ?" ಎಂದು ಪಕ್ಕದ ಟೇಬಲ್ಲಿನ ಹುಡುಗ ಕೇಳಿದ. ಇದ್ದೆ ಮಾರಾಯ. ದಿನಾ ಪೇಪರಿನಲ್ಲಿ ಅದೇ ಮುಖ ನೋಡಿದ್ದೆ.

ನಮ್ಮ ಕಚೇರಿಯಲ್ಲಿ ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಒಂದು ಕ್ವಿಜ್ ನಡೆಯುತ್ತದೆ. ಕೊನೆಯ ಸುತ್ತು 'ಯಾರಿವರು?'. ಒಬ್ಬೊಬ್ಬರಿಗೆ ಹದಿನೈದು ಫೋಟೋ. ಸಾಹಿತಿಗಳು, ನಟರು, ಆಟಗಾರರು, ರಾಜಕಾರಣಿಗಳು, ಸಂಗೀತಗಾರರು ಎಲ್ಲ ಬೆರಕೆ. ಆ ವರ್ಷ ನನಗೆ ಬಂದದ್ದು ಮೂರು: ರಾಜ್‌ಕುಮಾರ್, ಕುವೆಂಪು, ಕುಂಬ್ಳೆ. ಈ ಮೂವರನ್ನು ಗುರುತಿಸದೆ ಇರೋಕೆ ಕನ್ನಡಿಗನಿಗೆ ವಿಶೇಷ ಪ್ರತಿಭೆಯೇ ಬೇಕು.

ನನಗೆ ಮೊದಲಿಂದಲೂ ಮುಖಗಳು ಕೈಕೊಡುತ್ತವೆ. ಮದುವೆ ಮನೆಯಲ್ಲಿ ಯಾರಾದರೂ "ಗುರುತು ಸಿಕ್ತಾ?" ಎಂದರೆ ಎದೆ ಧಸಕ್ ಅನ್ನುತ್ತದೆ. ಹಾಗಾಗಿ ಮುಂದಿನ ನವೆಂಬರ್ ಒಳಗೆ ಇದನ್ನು ಸರಿಮಾಡಲೇಬೇಕು ಎಂದು ಹಟ ಹಿಡಿದೆ.

ನೆನಪಿನ ತಂತ್ರ ಎಂದರೆ ಎಲ್ಲರೂ ಮೊದಲು ಹೇಳೋದು 'ನೆನಪಿನ ಅರಮನೆ'. ಗೊತ್ತಿರುವ ಜಾಗದಲ್ಲಿ ಒಂದೊಂದು ಕಡೆ ಒಂದೊಂದು ವಿಷಯ ಇಟ್ಟು, ಆಮೇಲೆ ಮನಸ್ಸಿನಲ್ಲೇ ನಡೆದು ಬರೋದು. ನಾನು ಶಿವಮೊಗ್ಗದವನು. ಅರಮನೆ ಯಾಕೆ, ನಮ್ಮ ಬೆಂಗಳೂರು ರೈಲಿನ ದಾರಿಯೇ ಇದೆಯಲ್ಲ! ಎಂಟು ಜ್ಞಾನಪೀಠದವರನ್ನು ಪ್ರಶಸ್ತಿ ಬಂದ ವರಸೆಯಲ್ಲಿ ಎಂಟು ಸ್ಟೇಷನ್ನಿನಲ್ಲಿ ಇಳಿಸಿದೆ. ಶಿವಮೊಗ್ಗದಲ್ಲಿ ಕುವೆಂಪು, ಭದ್ರಾವತಿಯಲ್ಲಿ ಬೇಂದ್ರೆ, ತರೀಕೆರೆಯಲ್ಲಿ ಕಾರಂತ, ಬೀರೂರಿನಲ್ಲಿ ಮಾಸ್ತಿ, ಕಡೂರಿನಲ್ಲಿ ಗೋಕಾಕ, ಅರಸೀಕೆರೆಯಲ್ಲಿ ಅನಂತಮೂರ್ತಿ, ತಿಪಟೂರಿನಲ್ಲಿ ಕಾರ್ನಾಡ, ತುಮಕೂರಿನಲ್ಲಿ ಕಂಬಾರ. ಭ ಅಂದರೆ ಬೇಂದ್ರೆ, ಅರಸೀಕೆರೆ ಅಂದರೆ ಅನಂತಮೂರ್ತಿ. ಅಕ್ಷರಗಳೂ ಸಹಾಯ ಮಾಡಿದವು. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸಾಲಾಗಿ ಹೇಳುತ್ತೇನೆ.

ಆದರೆ ಮಗಳು ಒಂದು ಫೋಟೋ ಹಿಡಿದು "ಇದು ಯಾರಪ್ಪ?" ಎಂದಾಗ ರೈಲು ಹೊರಡಲೇ ಇಲ್ಲ.

ಎರಡು ವಾರ ಹಾಳಾದ ಮೇಲೆ ಕಾರಣ ಹೊಳೆಯಿತು. ಈ ತಂತ್ರ ಹುಟ್ಟಿದ ಕಥೆಯನ್ನೇ ನೋಡಿ. ಹಳೇ ಗ್ರೀಸಿನಲ್ಲಿ ಸಿಮೊನಿಡಿಸ್ ಎಂಬ ಕವಿ ಊಟದ ಮನೆಯಿಂದ ಹೊರಗೆ ಬಂದಾಗ ಚಾವಣಿ ಕುಸಿಯಿತಂತೆ. ಒಳಗಿದ್ದವರ ಗುರುತೇ ಸಿಗದ ಸ್ಥಿತಿ. ಯಾರು ಎಲ್ಲಿ ಕೂತಿದ್ದರು ಎಂದು ನೆನಪು ಮಾಡಿಕೊಂಡು ಅವನು ಹೆಸರು ಹೇಳಿದನಂತೆ. ಅಂದರೆ ಆ ಕಥೆಯಲ್ಲಿ ಮುಖ ಕೆಲಸಕ್ಕೇ ಬಂದಿಲ್ಲ! ಕೆಲಸಕ್ಕೆ ಬಂದದ್ದು ಜಾಗ. ಕ್ವಿಜ್ಜಿನಲ್ಲಿ ನನಗೆ ಜಾಗ ಯಾರೂ ಕೊಡೋದಿಲ್ಲ, ಸಾಲೂ ಕೊಡೋದಿಲ್ಲ. ಕೊಡೋದು ಬರೀ ಮುಖ. ಹಾಗಾದರೆ ಹೆಸರನ್ನು ನೇತುಹಾಕುವ ಮೊಳೆಯನ್ನು ಮುಖದ ಮೇಲೇ ಹೊಡೆಯಬೇಕು. ಮುಖದಲ್ಲಿ ಒಂದು ಗುರುತು ಹಿಡಿ, ಹೆಸರನ್ನು ಒಂದು ಚಿತ್ರ ಮಾಡು, ಎರಡನ್ನೂ ಗಂಟು ಹಾಕು. ವಿಶ್ವ ಸ್ಮರಣಶಕ್ತಿ ಚಾಂಪಿಯನ್‌ಷಿಪ್ಪಿನಲ್ಲಿ 'ಹೆಸರು ಮತ್ತು ಮುಖ' ಅಂತ ಒಂದು ಸ್ಪರ್ಧೆಯೇ ಇದೆ. ಅಲ್ಲಿ ಹೆಚ್ಚಿನವರು ಮಾಡೋದು ಇದನ್ನೇ.

ಇಲ್ಲೂ ಮೊದಲು ಎಡವಿದೆ. ಸುಲಭ ಅಂತ ಗಡ್ಡ, ಪೇಟ, ಕನ್ನಡಕ, ಕೂದಲನ್ನೇ ಗುರುತು ಮಾಡಿಕೊಂಡೆ. ಪೇಟ ಅಂದರೆ ಮಾಸ್ತಿ ಎಂದುಕೊಂಡರೆ, ಮೈಸೂರು ಪೇಟ ಹಾಕಿಕೊಂಡು ವಿಶ್ವೇಶ್ವರಯ್ಯನವರು ಬಂದರು. ಬೆಳ್ಳಿ ಕೂದಲು ಹಾರಾಡಿದರೆ ಕಾರಂತ ಎಂದುಕೊಂಡರೆ, ಮಗಳು ಅವರ ಹರೆಯದ ಕಪ್ಪು ಕೂದಲಿನ ಫೋಟೋ ತೋರಿಸಿದಳು. ಬೋಳು ತಲೆ ಅಂದರೆ ಕಿರ್ಮಾನಿ ಎಂದುಕೊಂಡರೆ, ಎಪ್ಪತ್ತರ ದಶಕದ ಕಿರ್ಮಾನಿಗೆ ತಲೆತುಂಬ ಕೂದಲು! ಗಡ್ಡದ ಕಥೆ ಮೊದಲೇ ಹೇಳಿದೆ. ಕ್ವಿಜ್ ಮಾಸ್ಟರುಗಳು ಇದನ್ನು ಚೆನ್ನಾಗಿ ಬಲ್ಲವರು. ಎಲ್ಲರೂ ನೋಡಿರೋ ಫೋಟೋ ಅವರು ಹಾಕೋದೇ ಇಲ್ಲ.

ಮುಖದ ಬಗ್ಗೆ ಕೆಲಸ ಮಾಡುವ ಮನಶ್ಶಾಸ್ತ್ರಜ್ಞರು ಹೇಳೋ ಮಾತೊಂದು ಆಗ ಓದಿದೆ. ಪರಿಚಯ ಇಲ್ಲದವರ ಮುಖ ನೋಡುವಾಗ ನಾವು ಕೂದಲು, ಮುಖದ ಸುತ್ತಿನ ಆಕಾರವನ್ನು ಜಾಸ್ತಿ ನೆಚ್ಚುತ್ತೇವೆ. ಚೆನ್ನಾಗಿ ಗೊತ್ತಿರುವವರನ್ನು ಕಣ್ಣು, ಮೂಗು, ಬಾಯಿ ಇರುವ ಒಳಭಾಗದಿಂದ ಹಿಡಿಯುತ್ತೇವೆ. ಅಂದರೆ ನಾನು ಅಷ್ಟು ವರ್ಷ ನೋಡಿದ ಮುಖಗಳನ್ನೂ ಅಪರಿಚಿತರ ಹಾಗೇ ನೋಡುತ್ತಿದ್ದೆ ಎಂದಾಯಿತು.

ಅವತ್ತಿನಿಂದ ಫೋಟೋ ನೋಡುವಾಗ ಒಂದು ಕಾಗದದ ಪಟ್ಟಿ ಇಟ್ಟು ಕೂದಲು ಮುಚ್ಚುವುದು ಶುರುಮಾಡಿದೆ. ಗಡ್ಡ ಇದ್ದರೆ ಹೆಬ್ಬೆರಳಿನಿಂದ ಅದನ್ನೂ ಮುಚ್ಚಿದೆ. ಉಳಿಯೋದು ಹುಬ್ಬು, ಕಣ್ಣು, ಮೂಗು, ತುಟಿ. ಕಿವಿ ಕಂಡರೆ ಅದೃಷ್ಟ. ಕಿವಿಯ ಹಾಲೆ ಕೆನ್ನೆಗೆ ಅಂಟಿದೆಯಾ, ಬಿಡಿಯಾಗಿ ಜೋತಾಡುತ್ತಾ ಎನ್ನುವುದು ಹೇರ್ ಸ್ಟೈಲಿನ ಹಾಗೆ ಬದಲಾಗಲ್ಲ. ಬೆರಳಚ್ಚು ಬರೋ ಮೊದಲು ಪ್ಯಾರಿಸ್ಸಿನ ಪೊಲೀಸರಿಗೆ ಕೈದಿಗಳ ಗುರುತು ಹಿಡಿಯೋದು ಕಲಿಸಿದ ಬರ್ಟಿಲಾನ್ ಕೂಡ ಕಿವಿಗೆ ತುಂಬ ಬೆಲೆ ಕೊಟ್ಟಿದ್ದ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ಲಾಭ ಕೊಟ್ಟದ್ದು ಹುಬ್ಬು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪವನ್ ಸಿನ್ಹಾ ಮತ್ತು ಜೊತೆಗಾರರು ಖ್ಯಾತರ ಫೋಟೋಗಳಲ್ಲಿ ಒಮ್ಮೆ ಕಣ್ಣು ಅಳಿಸಿ, ಒಮ್ಮೆ ಹುಬ್ಬು ಅಳಿಸಿ ಜನಕ್ಕೆ ತೋರಿಸಿದ್ದರು. 2003ರಲ್ಲಿ ಬಂದ ಅಧ್ಯಯನ ಅದು. ಕಣ್ಣಿಲ್ಲದ ಮುಖಕ್ಕಿಂತ ಹುಬ್ಬಿಲ್ಲದ ಮುಖ ಗುರುತಿಸೋದೇ ಜನಕ್ಕೆ ಕಷ್ಟವಾಯಿತು. ನಂಬಿಕೆ ಬರದಿದ್ದರೆ ಮನೆಯವರ ಫೋಟೋ ಮೇಲೆ ಬೆರಳಿಟ್ಟು ನೋಡಿ. ನಾನು ಮಗಳ ಫೋಟೋ ಮೇಲೆ ಮಾಡಿ ಬೆಚ್ಚಿಬಿದ್ದೆ.

ಈಗ ಹೆಸರಿನ ವಿಷಯ. ಇಲ್ಲಿ ನನ್ನ ಗುರು ನಮ್ಮ ಅಮ್ಮ. ಅಮ್ಮನಿಗೆ ಹಳೇ ಸಿನಿಮಾದ ಒಂದು ಮುಖವೂ ಮರೆತಿಲ್ಲ, ಒಂದು ಹೆಸರೂ ನೆನಪಿಲ್ಲ. "ಅವನೇ ಕಣೋ, ಜಮೀನ್ದಾರ ಆಗಿ ಎಲ್ಲರನ್ನೂ ಗೋಳು ಹೊಯ್ಕೊತಿದ್ನಲ್ಲ!" ಅನ್ನುತ್ತಾರೆ. ಪಾತ್ರ ಇದೆ, ಕಥೆ ಇದೆ, ಹೆಸರು ಮಾತ್ರ ನಾಲಿಗೆ ತುದಿಯಲ್ಲಿ. ಇದಕ್ಕೆ ವಯಸ್ಸು ಕಾರಣ ಎಂದುಕೊಂಡಿದ್ದೆ. ಹಾಗಲ್ಲ, ಎಲ್ಲರಿಗೂ ಹೀಗೇ. ಒಂದು ಮುಖ ತೋರಿಸಿ 'ಇವರು ಕಂಬಾರಿಕೆ ಮಾಡುವವರು' ಎಂದರೆ ಕುಲುಮೆ, ಸುತ್ತಿಗೆ, ಕಿಡಿ ಎಲ್ಲ ಜೊತೆಗೆ ಬಂದು ನೆನಪು ಗಟ್ಟಿಯಾಗುತ್ತದೆ. ಅದೇ ಮುಖಕ್ಕೆ 'ಇವರ ಹೆಸರು ಕಂಬಾರ' ಎಂದರೆ ಬರೀ ಮೂರು ಅಕ್ಷರ. ಹಿಡಿಯೋಕೆ ಏನೂ ಇಲ್ಲ. ಹಾಗಾಗಿ ಹೆಸರನ್ನು ಕೆಲಸವೋ, ವಸ್ತುವೋ, ಊರೋ ಮಾಡಿಬಿಡಬೇಕು. ಚಂದ್ರಶೇಖರ ಕಂಬಾರರ ಮೂಗಿನ ಮೇಲೆ ನಾನು ಒಂದು ಪುಟ್ಟ ಅಡಿಗಲ್ಲು ಇಟ್ಟೆ, ಮೇಲೆ ಸುತ್ತಿಗೆ. ಮತ್ತೆ ಮರೆತಿಲ್ಲ.

ಈ ಆಟಕ್ಕೆ ಕನ್ನಡದ ಹೆಸರುಗಳು ಹೇಳಿ ಮಾಡಿಸಿದ ಹಾಗಿವೆ. ವಜ್ರಮುನಿ ಎಂದರೆ ಕಣ್ಣಲ್ಲೇ ವಜ್ರ. ಆರತಿ ಎಂದರೆ ಎರಡು ಹುಬ್ಬಿನ ನಡುವೆ ದೀಪ. ಕಲ್ಪನಾ ಹೇಗೂ ಮಿನುಗುತಾರೆ, ಕಣ್ಣಂಚಿಗೆ ಒಂದು ನಕ್ಷತ್ರ. ಮಂಜುಳಾ ರೆಪ್ಪೆ ಮೇಲೆ ಮಂಜಿನ ಹನಿ. ಇನ್ನು ಊರಿನ ಹೆಸರೇ ಮನೆತನದ ಹೆಸರಾದವರು ಬೇಕಾದಷ್ಟು. ವಿ.ಕೃ. ಗೋಕಾಕರ ಮುಖ ನೋಡಿದರೆ ನನಗೆ ಕೆನ್ನೆ ತುಂಬಿದಂತೆ ಕಂಡಿತು. ಬಾಯಲ್ಲಿ ಗೋಕಾಕದ ಕರದಂಟು ಇಟ್ಟೆ. ಕಾರಂತರಿಗೆ ಮೂಗಿನ ತುದಿಯಿಂದ ಕಾರಂಜಿ. ದೊಡ್ಡವರ ಮುಖದ ಜೊತೆ ಹೀಗೆಲ್ಲ ಆಡಬಹುದಾ ಎಂದು ಅಳುಕಿತ್ತು. ಯಾರಿಗೂ ಹೇಳಲ್ಲ ಎಂದುಕೊಂಡಿದ್ದೆ, ಈಗ ಬರೆದುಬಿಟ್ಟೆ. ಚಿತ್ರ ಎಷ್ಟು ತಲೆಹರಟೆಯೋ ಅಷ್ಟು ದಿನ ಉಳಿಯುತ್ತದೆ. ಮರ್ಯಾದೆಯಿಂದ ಮಾಡಿದ ಚಿತ್ರ ಮೂರು ದಿನಕ್ಕೆ ಮಾಯ.

ಅಭ್ಯಾಸಕ್ಕೆ ಯಾವ ಆ್ಯಪೂ ಬಳಸಲಿಲ್ಲ. ಹಳೇ ವಾರಪತ್ರಿಕೆಗಳಿಂದ ಕತ್ತರಿಸಿದ್ದು, ಪ್ರಿಂಟ್ ಹಾಕಿಸಿದ್ದು ಸೇರಿ ರಟ್ಟಿನ ಮೇಲೆ ಅಂಟಿಸಿದೆ. ಒಬ್ಬೊಬ್ಬರಿಗೆ ಮೂರು ಫೋಟೋ: ಹರೆಯದ್ದು, ನಡುವಯಸ್ಸಿನದು, ಮುಪ್ಪಿನದು. ಮೂರರಲ್ಲೂ ಉಳಿಯುವ ಗುರುತನ್ನು ಮಾತ್ರ ತಗೊಳ್ಳೋದು. ಮೂರು ಚಪ್ಪಲಿ ಡಬ್ಬ. ಮೊದಲನೆಯದರ ಕಾರ್ಡುಗಳು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ಹತ್ತು ದಿನಕ್ಕೊಮ್ಮೆ. ಸರಿ ಹೇಳಿದರೆ ಕಾರ್ಡು ಮುಂದಿನ ಡಬ್ಬಕ್ಕೆ. ತಪ್ಪಿದರೆ ಎಲ್ಲಿದ್ದರೂ ಸೀದಾ ಮೊದಲನೆಯದಕ್ಕೆ. ದಿನಕ್ಕೆ ಐದೇ ಹೊಸ ಮುಖ. ಒಂದು ದಿನ ಹುಮ್ಮಸ್ಸಿನಲ್ಲಿ ಇಪ್ಪತ್ತು ಸೇರಿಸಿ ಎಲ್ಲರ ಮೂಗೂ ಕಲಸುಮೇಲೋಗರ ಆಯಿತು.

ಕಾರ್ಡು ತೋರಿಸೋದು ಮಗಳ ಕೆಲಸ. ಅಷ್ಟಾವಧಾನದಲ್ಲಿ ಅವಧಾನಿಯ ಗಮನ ಕೆಡಿಸೋಕೆ ಅಪ್ರಸ್ತುತ ಪ್ರಸಂಗ ಮಾಡುವವರು ಇರುತ್ತಾರಲ್ಲ, ಅವಳು ಅದೇ ಪಾತ್ರ ವಹಿಸಿದಳು. ನಾನು ಯೋಚಿಸುತ್ತಿದ್ದರೆ "ಅಪ್ಪಾ, ಮೀನಿಗೆ ಕೆಮ್ಮು ಬರುತ್ತಾ?" ಎಂದು ಕೇಳೋಳು. ಸಿಟ್ಟು ಬರುತ್ತಿತ್ತು. ಆದರೆ ಸ್ಟೇಜಿನ ಗದ್ದಲಕ್ಕೆ ಅದೇ ಒಳ್ಳೇ ತಯಾರಿ ಆಯಿತು.

ಕಷ್ಟವಾದದ್ದು ಅರವತ್ತು, ಎಪ್ಪತ್ತರ ದಶಕದ ನಾಯಕಿಯರು. ಅದೇ ಎತ್ತರದ ತುರುಬು, ಬಾಲ ಎಳೆದ ಅದೇ ಕಾಡಿಗೆ. ಹುಬ್ಬನ್ನೂ ಪೆನ್ಸಿಲ್ಲಿನಲ್ಲಿ ತಿದ್ದಿರುತ್ತಾರೆ, ನನ್ನ ಮುಖ್ಯ ಆಯುಧವೇ ಹೋಯಿತು. ಅಲ್ಲಿ ತುಟಿ ಮತ್ತು ಮೂಗಿನ ನಡುವಿನ ಅಂತರ ನೋಡೋದು ಕಲಿತೆ. ಸಾಲಾಗಿ ಎಂಟು ಫೋಟೋ ಇಟ್ಟು ಹೋಲಿಸಿದರೆ ತಾನಾಗೇ ಕಾಣುತ್ತದೆ. ಒಂಟಿ ಫೋಟೋ ನೋಡಿದರೆ ಏನೂ ಕಾಣಲ್ಲ.

ನವೆಂಬರ್ ಬಂತು. ಮೊದಲ ಫೋಟೋವನ್ನೇ ತಲೆಕೆಳಗೆ ಹಾಕಿದ್ದರು. ತಲೆಕೆಳಗಾದ ಮುಖವನ್ನು ಮಿದುಳು ಒಟ್ಟಾಗಿ ನೋಡೋದೇ ಇಲ್ಲ. ನಾನು ಮರ್ಯಾದೆ ಬಿಟ್ಟು ಕುರ್ಚಿಯಲ್ಲೇ ಬಗ್ಗಿ ತಲೆ ತಿರುಗಿಸಿದೆ. ಪ್ರಕಾಶ್ ಪಡುಕೋಣೆ. ಅಷ್ಟರಲ್ಲಿ ಸೊಂಟ ಹಿಡಿಯಿತು, ಅದು ಬೇರೆ ಮಾತು. ಕೂದಲಿದ್ದ ಕಿರ್ಮಾನಿ ಬಂದರು, ಸಿಕ್ಕರು. ಹೆಗಡೆಯವರು ಮತ್ತೆ ಬಂದರು. ಈ ಸಲ ಗಡ್ಡ ಬಿಟ್ಟು ಕಣ್ಣು ನೋಡಿದೆ.

ಒಂಬತ್ತನೇ ಫೋಟೋ ಬಂದಾಗ ಖುಷಿಯಲ್ಲಿ ಬಜರ್ ಒತ್ತಿ ಗಟ್ಟಿಯಾಗಿ "ಕರದಂಟು!" ಎಂದೆ.

ಸಭೆಗೆ ಸಭೆಯೇ ನಕ್ಕಿತು. "ಗೋಕಾಕ, ಗೋಕಾಕ" ಎಂದು ತಿದ್ದಿಕೊಂಡರೂ ಮೊದಲ ಉತ್ತರವೇ ಲೆಕ್ಕ ಎಂದರು. ನಿಯಮ ನಿಯಮವೇ. ಚಿತ್ರ ಗಟ್ಟಿಯಾಗಿತ್ತು, ಚಿತ್ರದಿಂದ ಹೆಸರಿಗೆ ವಾಪಸ್ ಬರೋದನ್ನು ಅಭ್ಯಾಸ ಮಾಡಿರಲಿಲ್ಲ. ಈಗ ಕಾರ್ಡು ತೋರಿಸಿದಾಗ ಮೊದಲು ಪೂರ್ತಿ ಹೆಸರು ಬಾಯಿಬಿಟ್ಟು ಹೇಳುತ್ತೇನೆ, ಚಿತ್ರ ಆಮೇಲೆ. ಕೊನೆಗೆ ಹದಿನೈದಕ್ಕೆ ಹನ್ನೊಂದು. ಬಹುಮಾನ ಬರಲಿಲ್ಲ. ಪಕ್ಕದ ಟೇಬಲ್ಲಿನ ಹುಡುಗನಿಗೆ ಹನ್ನೆರಡು ಬಂದಿತ್ತು.

ಮೊದಲ ಡಬ್ಬದಲ್ಲಿ ಇನ್ನೂ ಮೂರು ಕಾರ್ಡು ಹಾಗೇ ಉಳಿದಿವೆ, ಮೂರೂ ನಟಿಯರದ್ದು. ಮೊನ್ನೆ ಅದರಲ್ಲೊಂದನ್ನು ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಸರಿಮಾಡಿಕೊಂಡು ನೋಡಿದರು. "ಅಯ್ಯೋ, ಇವಳು ಗೊತ್ತಿಲ್ವೇನೋ? ತಂಗಿ ಪಾರ್ಟು ಮಾಡ್ತಿದ್ಲು, ಕೊನೇಲಿ ಖಾಯಿಲೆ ಬಂದು ಸಾಯ್ತಾಳಲ್ಲ. ಥಿಯೇಟರಲ್ಲಿ ನಾನು ಎಷ್ಟು ಅತ್ತಿದ್ದೆ ಗೊತ್ತಾ. ಹೆಸರು... ಇರು, ಹೇಳ್ತೀನಿ..."