ಟೆಕ್ಸಾಸ್‌ನ ಜಾಗದಾಗ ಗಾಡಿ ಬಿಟ್ಟು ಊರಿಗೆ ಬರೋರು ಇದನ್ನ ಓದ್ರಿ

ಹೋದ ನವೆಂಬರ್‌ನಾಗ ಧಾರವಾಡದ ಸಪ್ತಾಪುರದಾಗ ಅಕ್ಕನ ಮನಿಯೊಳಗ ಊಟಕ್ಕ ಕುಂತಿದ್ದೆ, ಮಧ್ಯಾಹ್ನ 1 ಗಂಟೆ 40 ನಿಮಿಷ, ರೊಟ್ಟಿ ಮುರದು ಬಾಯಿಗಿಡಬೇಕು ಅನ್ನೂದ್ರಾಗ ಫೋನಿಗೆ ಒಂದು ಫೋಟೋ ಬಂತು. ಟೆಕ್ಸಾಸ್‌ನಾಗ ಆಗ ರಾತ್ರಿ 2 ಗಂಟೆ 10 ನಿಮಿಷ. ಜಾಗದಾಗ ಗಿಡಕ್ಕ ಕಟ್ಟಿದ್ದ ಕ್ಯಾಮೆರಾ ಕಳಿಸಿದ್ದು, ಬೂದಿ ಬಣ್ಣದ ಫೋಟೋ, ಒಬ್ಬಾಂವ ನಮ್ಮ ಸೈಡ್-ಬೈ-ಸೈಡ್ ಗಾಡಿ (ಹೊಲದಾಗ ಅಡ್ಡಾಡೂ, ಬಾಜೂ-ಬಾಜೂ ಕೂಡೂ ನಾಕು ಗಾಲಿ ಗಾಡಿ) ಸ್ಟೇರಿಂಗ್ ಹಿಡದಾನ, ಇನ್ನೊಬ್ಬಾಂವ ಹಿಂದಿಂದ ನೂಕಾಕತ್ತಾನ. ಟೋಪಿ ಕಾಣ್ತಿತ್ತು, ಮಾರಿ ಕಾಣ್ತಿರಲಿಲ್ಲ. ಗಾಬರಿಯೊಳಗ ಅಮೆರಿಕಾದ ತುರ್ತು ನಂಬರ್ 911 ಒತ್ತಿದೆ. ಭಾರತದಾಗ ಕುಂತು 911 ಒತ್ತಿದ್ರ ಅದು ಟೆಕ್ಸಾಸ್‌ಗೆ ಹೋಗೂದಿಲ್ರಿ. ಅಲ್ಲಿ ಶೆರಿಫ್ (ಅಲ್ಲಿಯ ಪೊಲೀಸ್ ಮುಖ್ಯಸ್ಥ) ಆಫೀಸಿನ ನೇರ ನಂಬರ್ ಹುಡುಕಿ ಮಾತಾಡೂದ್ರಾಗ 25 ನಿಮಿಷ ಹೋತು, ಗಾಡಿನೂ ಹೋತು, ಇನ್ನೂ ಸಿಕ್ಕಿಲ್ಲ.

ಹುಬ್ಬಳ್ಳಿ, ಗದಗ, ಹಾವೇರಿ ಕಡಿಯಿಂದ ಹೋಗಿ ಆಸ್ಟಿನ್, ಡಲ್ಲಾಸ್‌ನಾಗ ಕೆಲಸಕ್ಕ ಇರೋ ನಮ್ಮ ಮಂದಿ ಈಗ 10-20 ಎಕರೆ ತಗೋಳಾಕತ್ತಾರ, ಹೊಲ ಅಂದ್ರ ನಮ್ಮ ಜೀವ ಅಲ್ರಿ. ನಾವು ಬೇಟೆ ಆಡೂದಿಲ್ಲ, ಆದ್ರ ಜಿಂಕಿ ಸೀಸನ್‌ನಾಗ ಬೇಟೆಗಾರರಿಗೆ ಲೀಸ್ ಕೊಟ್ಟಿರ್ತೀವಿ, ಅಲ್ಲಿ ಅದು ಭಾಳ ನಡೀತೈತಿ. ಜಾಗದಾಗ ಅಡ್ಡಾಡಾಕ ಎಟಿವಿ (ಬೈಕಿನಂಗ ಹತ್ತಿ ಕೂಡೂ ನಾಕು ಗಾಲಿ ಗಾಡಿ) ಇಲ್ಲಾ ಯುಟಿವಿ (ಸೈಡ್-ಬೈ-ಸೈಡ್) ಬೇಕ ಬೇಕು. ಆದ್ರ ಅದನ್ನ ಕಾಯೋರು ಯಾರು? ನಮ್ಮೂರಾಗ ಹೊಲದಾಗ ಬೋರಿನ ಕೇಬಲ್ ತುಡುಗು ಆಗತಾವ ಅಂತ ಅಪ್ಪ ರಾತ್ರಿ ವಸ್ತಿ ಹೋಗ್ತಿದ್ರು, ಬದುವಿನ ಆಚಿ ಹೊಲದಾಂವ ಕೆಮ್ಮಿದ್ರೂ ಕೇಳಸ್ತಿತ್ತು. ಅಲ್ಲಿ ಮೈಲಿಗಟ್ಟಲೆ ಒಂದು ಲೈಟೂ ಕಾಣೂದಿಲ್ಲ. ತುಡುಗರಿಗೆ ರಾತ್ರಿ ಪೂರಾ ಟೈಮ್ ಇರತೈತಿ, ಹಂಗಾಗಿ ಕೀಲಿ ಒಂದನ್ನ ನಂಬಬ್ಯಾಡ್ರಿ. ಅವರ ಕೆಲಸ ತಡ ಆಗೂ ಹಂಗ ಮಾಡ್ರಿ, ಕಾಗದ-ಪತ್ರ ಮೊದಲ ತಯಾರ ಇಡ್ರಿ. ನಾ ಕಲತಿದ್ದು ಇಷ್ಟ.

ಮೊದಲು ಕಾಗದದ್ದು ಹೇಳತೀನಿ, ಯಾಕಂದ್ರ ಅದರಾಗ ನಾ ಸೋತಿದ್ದು. ನಮ್ಮಲ್ಲಿ ಗಾಡಿ ಮ್ಯಾಲ ಕೆಎ 25, ಕೆಎ 26 ಅಂತ ನಂಬರ್ ಇರತೈತಿ, ಯಾರರೆ ನೋಡಿದ್ರೂ ಗುರ್ತಾ ಹಿಡೀತಾರ. ಅಲ್ಲಿ ಇಂಥಾ ಗಾಡಿ ಜಾಗದೊಳಗ ಓಡಿಸೂವು, ಹೆಚ್ಚಿನವಕ್ಕ ನಂಬರ್ ಪ್ಲೇಟ ಇರೂದಿಲ್ಲ. ಆದ್ರ ಟೆಕ್ಸಾಸ್‌ನಾಗ ಇವಕ್ಕೂ ಟೈಟಲ್ ಮಾಡಿಸಬೇಕು, ನಮ್ಮ ಆರ್‌ಸಿ ಬುಕ್ ಇದ್ದಂಗ ಅನ್ರಿ, ಆರ್‌ಟಿಓ ಬದ್ಲಿ ಕೌಂಟಿ (ನಮ್ಮ ಜಿಲ್ಲಾ ಇದ್ದಂಗ) ಟ್ಯಾಕ್ಸ್ ಆಫೀಸಿಗೆ ಹೋಗಬೇಕು. ಅದರಾಗ 17 ಅಕ್ಷರ-ಅಂಕಿಯ ವಿನ್ ನಂಬರ್ ಇರತೈತಿ, ಅದ ಗಾಡಿಯ ಫ್ರೇಮ್ ಮ್ಯಾಲ ಹೊಡದಿರ್ತಾರ. ಕಂಪ್ಲೇಂಟ್ ಕೊಡುವಾಗ ಈ ನಂಬರ್ ಇದ್ರ ಅದನ್ನ ಎಫ್‌ಬಿಐನ ಎನ್‌ಸಿಐಸಿ ಅನ್ನೂ, ತುಡುಗಿನ ಮಾಲಿನ ಪಟ್ಟಿ ಇರೂ ಕಂಪ್ಯೂಟರ್‌ಗೆ ಹಾಕ್ತಾರ, ಮುಂದ ಯಾವ ರಾಜ್ಯದಾಗ ಪೊಲೀಸರು ಗಾಡಿ ಹಿಡದು ನಂಬರ್ ಹಾಕಿ ನೋಡಿದ್ರೂ ತುಡುಗಿನ ಮಾಲು ಅಂತ ಗೊತ್ತಾಗತೈತಿ. ನಂಬರ್ ಇಲ್ಲಾಂದ್ರ "ಹಸರು ಬಣ್ಣದ ಗಾಡಿ ರೀ" ಅಂತ ಹೇಳಿ ಏನ್ ಉಪಯೋಗ. ನನ್ನ ಟೈಟಲ್ ಆಸ್ಟಿನ್ ಮನಿ ಡ್ರಾವರ್‌ದಾಗಿತ್ತು, ಮನಿಗೆ ಕೀಲಿ, ನಾನು ಧಾರವಾಡದಾಗ. ಇವತ್ತ ಫ್ರೇಮಿನ ನಂಬರ್ ಫೋಟೋ, ಟೈಟಲ್ ಫೋಟೋ, ಗಾಡಿ ನಾಕೂ ಕಡಿಯಿಂದ ಫೋಟೋ, ಯಾವುದರೆ ಗೀರು ಇದ್ರ ಅದರದ್ದೂ ತಗದು ಫೋನಿನಾಗ ಇಡ್ರಿ, ಒಂದು ಕಾಪಿ ಊರಾಗ ಯಾರಿಗರೆ ಕಳಿಸ್ರಿ.

ಇನ್ಶೂರೆನ್ಸ್ ವಿಷಯ ಸಣ್ಣದು ಆದ್ರ ರೊಕ್ಕದ್ದು. ಲಯಬಿಲಿಟಿ (ನಮ್ಮ ಥರ್ಡ್ ಪಾರ್ಟಿ ಇದ್ದಂಗ) ಅಷ್ಟ ಇದ್ರ ತುಡುಗಿಗೆ ಒಂದು ಡಾಲರೂ ಬರೂದಿಲ್ಲ, ತುಡುಗಿಗೂ ರೊಕ್ಕ ಕೊಡೂ ಕಾಂಪ್ರಿಹೆನ್ಸಿವ್ ಇರಬೇಕು. ಮನಿ ಇನ್ಶೂರೆನ್ಸ್‌ನಾಗ ಬರತೈತಿ ಅಂತ ತಿಳಕೊಂಡು ಸುಮ್ಮ ಕೂಡಬ್ಯಾಡ್ರಿ, ಏಜೆಂಟ್‌ಗೆ ಕೇಳಿ ಬರವಣಿಗಿಯೊಳಗ ತಗೋರಿ.

ಇನ್ನ ಗೇಟು. ನಮ್ಮ ಗೇಟಿಗೆ ಚಲೋ ದಪ್ಪನ ಕೀಲಿ ಹಾಕಿದ್ದೆ, ಕೀಲಿ ಇನ್ನೂ ಹಂಗ ಐತಿ! ತುಡುಗರು ಗೇಟನ್ನ ಹಿಂಜಿನ (ಬಿಜಾಗರಿ) ಕಡಿಯಿಂದ ಮ್ಯಾಲ ಎತ್ತಿ ತಗದು ಬಾಜೂಕ ಇಟ್ಟಿದ್ರು. ಹೊಲದ ಗೇಟಿನ ಎರಡೂ ಪಿನ್ ಮ್ಯಾಲಕ್ಕ ಮಾರಿ ಮಾಡಿರ್ತಾವ, ಮ್ಯಾಲಿನ ಪಿನ್ ಉಲ್ಟಾ ಮಾಡಿ ಕೆಳಗ ಮಾರಿ ಮಾಡಿದ್ರ ಗೇಟ್ ಎತ್ತಾಕ ಬರೂದಿಲ್ಲ, ಅರ್ಧ ತಾಸಿನ ಕೆಲಸ. ಇನ್ನೊಂದು, ಒಂದ ಸರಪಳಿಯೊಳಗ ನಮ್ಮದು, ಲೀಸಿನವರದು, ಕರೆಂಟ್ ಕಂಪನಿದು ಅಂತ ಸಾಲಾಗಿ ಕೀಲಿ ಹಾಕಿರ್ತಾರ, ಅದರಾಗ ಯಾವುದು ಕಡಿ ಹಗರ ಐತೋ ಗೇಟಿನ ಬಲ ಅಷ್ಟ. ಜಿಂಕಿ ಸೀಸನ್ ನವೆಂಬರ್ ಮೊದಲ ಶನಿವಾರ ಶುರು, ಜನವರಿಗೆ ಮುಗದ ಮ್ಯಾಲ ಗೇಟಿನ ನಂಬರ್ ಕೀಲಿಯ ಕೋಡ್ ಬದಲಿ ಮಾಡ್ರಿ. ಲೀಸಿನವರು ಕೆಟ್ಟವರು ಅಂತಲ್ಲ, ಅವರು ಯಾರಿಗೆ ಹೇಳ್ಯಾರ ನಮಗ ಗೊತ್ತಿರೂದಿಲ್ಲ.

ಬೇಲಿಗುಂಟ ಗಿಡಕ್ಕ, ಕಂಬಕ್ಕ ನೇರಳಿ ಬಣ್ಣ ಬಳೀರಿ. ಟೆಕ್ಸಾಸ್ ಕಾಯ್ದೆ ಪ್ರಕಾರ ಅದು "ಒಳಗ ಬರಬ್ಯಾಡ" ಅಂತ ಬೋರ್ಡ್ ಹಾಕಿದಂಗ. ಪಟ್ಟಿ ನೆಟ್ಟಗ ನಿಂತಿರಬೇಕು, ಉದ್ದ 8 ಇಂಚು, ಅಗಲ 1 ಇಂಚು ಕಡಿಮಿ ಇರಬಾರದು, ನೆಲದಿಂದ 3ರಿಂದ 5 ಫೂಟ್ ಎತ್ತರ, ಅಡವಿ ಇದ್ರ 100 ಫೂಟಿಗೊಂದು, ಬಯಲಿದ್ರ 1000 ಫೂಟಿಗೊಂದು.

ಗಾಡಿ ಶೆಡ್ಡಿನಾಗ ಬಿಡೂಕಿಂತ 20 ಫೂಟಿನ ಹಡಗಿನ ಕಂಟೇನರ್ ಚಲೋ, ಬಾಗಲಾ ಮ್ಯಾಲ ಕೀಲಿ ಮುಚ್ಚೂವಂಥ ಡಬ್ಬಿ ವೆಲ್ಡ್ ಮಾಡಿಸಿದ್ರ ಕಟರ್ ಹಾಕಾಕ ಜಾಗಾ ಸಿಗೂದಿಲ್ಲ. ಬ್ಯಾಟರಿ ಗ್ರೈಂಡರ್ ತಂದ್ರ ಯಾವ ಸರಪಳಿನೂ ಕೊಯ್ತಾರ, ಅದಕ್ಕ ಗಾಡಿನ ಚಾಲೂ ಆಗದಂಗ ಮಾಡ್ರಿ. ಚಾವಿ ತಗೊಂಡ್ರ ಸಾಲೂದಿಲ್ಲ, ಎಷ್ಟೋ ಮಾಡೆಲ್‌ದಾಗ ಒಂದು ಗಾಡಿ ಚಾವಿ ಇನ್ನೊಂದಕ್ಕ ಹತ್ತತೈತಿ. ಫ್ಯೂಯೆಲ್ ಪಂಪಿನ ಫ್ಯೂಸ್ ಕಿತ್ತು ಜೊತಿಗೆ ಒಯ್ರಿ, ಬ್ಯಾಟರಿ ಬಿಚ್ರಿ. ಟ್ರೇಲರ್ ಬಾಜೂಕ ನಿಲ್ಲಿಸಿ ಹೋಗೂದಂತೂ ಬ್ಯಾಡ, ತುಡುಗರಿಗೆ ನಾವ ಬಂಡಿ ಹೂಡಿ ಕೊಟ್ಟಂಗ.

ಕ್ಯಾಮೆರಾ ಸಿಮ್ ಇರೂದ ತಗೋರಿ, 940 ನ್ಯಾನೋಮೀಟರ್ ಇನ್ಫ್ರಾರೆಡ್ ಇದ್ದದ್ದು ರಾತ್ರಿ ಕೆಂಪಗ ಮಿಣಕೂದಿಲ್ಲ. 8-10 ಫೂಟ್ ಎತ್ತರಕ್ಕ ಕಟ್ರಿ. ಒಂದು ಕ್ಯಾಮೆರಾ ಗೇಟ್ ಕಡೆ ಇರಲಿ, ಅವರು ತಂದ ಪಿಕಪ್ ಗಾಡಿಯ ನಂಬರ್ ಪ್ಲೇಟ್ ಕಾಣೂ ಹಂಗ. ನಾನು ಶೆಡ್ಡಿಗಷ್ಟ ಕಟ್ಟಿದ್ದೆ. ಆಪಲ್‌ನ ಏರ್‌ಟ್ಯಾಗ್ (ಸಾಮಾನು ಎಲ್ಲೈತಿ ಅಂತ ತೋರಸೂ ಬಿಲ್ಲೆ) ನಂಬಬ್ಯಾಡ್ರಿ, ಅದು ಬಾಜೂಕ ಇದ್ದ ಐಫೋನ್‌ಗಳ ಮ್ಯಾಲ ನಡಿಯೂದು, ಅಡವಿಯೊಳಗ ಐಫೋನ್ ಯಾರ ಹಂತೇಕ ಇರತಾವ? ಇದ್ರ ತುಡುಗನ ಕಿಸೆದಾಗ ಇರಬೇಕು, ಅವನಿಗ ಸುದ್ದಿ ಹೋಗತೈತಿ. ಸಿಮ್ ಇದ್ದ ಜಿಪಿಎಸ್ ಟ್ರ್ಯಾಕರ್ ಬ್ಯಾರೇನ, ಆದ್ರ ಮೊದಲು ಅಲ್ಲಿ ಸಿಗ್ನಲ್ ಬರತೈತೋ ಇಲ್ಲೋ ನೋಡ್ರಿ.

ತುಡುಗು ಆತು ಅಂದ್ರ ಯಾರಿಗೆ ಹೇಳೂದು? ಊರಿನ ಹೊರಗಿನ ಜಾಗಕ್ಕ ಕೌಂಟಿ ಶೆರಿಫ್, ಅವರು ಓಟಿನಿಂದ ಆರಿಸಿ ಬಂದೋರು, ಟೆಕ್ಸಾಸ್‌ನಾಗ 254 ಕೌಂಟಿ ಅದಾವ, ಜಾಗ ಯಾವ ಕೌಂಟಿ ಐತೋ ಅಲ್ಲಿಯವರಿಗೆ ಹೇಳಬೇಕು, ನೀವು ಇರೋ ಸಿಟಿ ಪೊಲೀಸರಿಗಲ್ಲ. ಕೇಸ್ ನಂಬರ್ ಕೇಳಿ ತಗೋರಿ, ಇನ್ಶೂರೆನ್ಸ್‌ಗೆ ಅದು ಬೇಕು. ಟೆಕ್ಸಾಸ್ ಅಂಡ್ ಸೌತ್‌ವೆಸ್ಟರ್ನ್ ಕ್ಯಾಟಲ್ ರೈಸರ್ಸ್ ಅಸೋಸಿಯೇಷನ್ ಅಂತ 1877ರಾಗ ದನದ ತುಡುಗು ತಡಿಯಾಕ ಹುಟ್ಟಿದ ಸಂಘ ಐತಿ, ಅವರ ಸ್ಪೆಷಲ್ ರೇಂಜರ್‌ಗಳಿಗೆ ಪೊಲೀಸ್ ಅಧಿಕಾರ ಐತಿ, ರಾಂಚ್ (ದನ ಸಾಕೂ ದೊಡ್ಡ ಜಾಗ) ಸಾಮಾನಿನ ತುಡುಗೂ ಹುಡುಕ್ತಾರ. 2,500ರಿಂದ 30,000 ಡಾಲರ್ ಒಳಗಿನ ಮಾಲು ಕದ್ರ ಅಲ್ಲಿ ಫೆಲೊನಿ, ಅಂದ್ರ ದೊಡ್ಡ ಅಪರಾಧ, 180 ದಿನದಿಂದ 2 ವರ್ಷ ಜೈಲು. ಅಂಥಾವ್ರು ಸುಮ್ಮ ಸಿಗೂದಿಲ್ಲ, ಕೈಯಾಗ ಬಂದೂಕ ಇರಬಹುದು, ಫೋಟೋ ಬಂತು ಅಂತ ಒಬ್ಬರ ರಾತ್ರಿ ಹೋಗಿ ಅಡ್ಡ ನಿಲ್ಲಬ್ಯಾಡ್ರಿ, ಕೈ ಮುಗದು ಹೇಳತೀನಿ. ಗಾಡಿ ಮತ್ತ ತಗೋಬಹುದು.

ಸೆಕೆಂಡ್ ಹ್ಯಾಂಡ್ ತಗೋಳೋರು ಎನ್‌ಐಸಿಬಿ (ಇನ್ಶೂರೆನ್ಸ್ ಕಂಪನಿಗಳ ತುಡುಗು-ಮೋಸ ತಡಿಯೂ ಸಂಸ್ಥೆ) ಅವರ ವಿನ್‌ಚೆಕ್ ವೆಬ್‌ಸೈಟಿನಾಗ ವಿನ್ ನಂಬರ್ ಹಾಕಿ ತುಡುಗಿನ ಮಾಲು ಹೌದೋ ಅಲ್ಲೋ ನೋಡ್ರಿ, ಪುಕ್ಕಟ, ದಿನಕ್ಕ 5 ಸಲ.

ಇನ್ನ ಬೇಲಿ ಆಚಿ ಇರೋ ಮುದುಕ ರಾಂಚರ್, ಅವರ ಪರಿಚಯ ನಾ ಗಾಡಿ ಹೋದ ಮ್ಯಾಲ ಮಾಡ್ಕೊಂಡೆ, ಮೊದಲ ಮಾಡ್ಕೋಬೇಕಿತ್ತು. "ನನಗ ಫೋನ್ ಮಾಡಿದ್ರ 10 ನಿಮಿಷದಾಗ ರೋಡಿನ ಮ್ಯಾಲ ಲೈಟ್ ಹಾಕ್ತಿದ್ದೆ, 911ಕ್ಕೂ ನಾನ ಹೇಳ್ತಿದ್ದೆ" ಅಂದ್ರು. ಅಂಥಾವ್ರ ನಂಬರ್, ಶೆರಿಫ್ ಡಿಸ್ಪ್ಯಾಚ್‌ನ (ಕಂಟ್ರೋಲ್ ರೂಮಿನ) 10 ಅಂಕಿಯ ನಂಬರ್, ಎರಡಕ್ಕೂ ಮುಂದ +1 ಹಚ್ಚಿ ಸೇವ್ ಮಾಡ್ಕೊಂಡು ಆಮ್ಯಾಲ ವಿಮಾನ ಹತ್ರಿ.