ಮಳೆಗಾಲದ ಬೆಳಗಿಗೆ ರಾಗಿ ಬಾಳೆಹಣ್ಣಿನ ಪ್ಯಾನ್‌ಕೇಕ್

ಮಳೆಗಾಲದಲ್ಲಿ ಮಡಿಕೇರಿ ಕಡೆ ದೋಸೆ ಹಿಟ್ಟು ಹುಳಿ ಬರುವುದು ಕಷ್ಟ. ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಿಗ್ಗೆ ನೋಡಿದರೆ ಇಟ್ಟ ಹಾಗೇ ಕೂತಿರುತ್ತದೆ. ಪಾತ್ರೆಗೆ ಕಂಬಳಿ ಹೊದಿಸುವವರಿದ್ದಾರೆ, ಸೌದೆ ಒಲೆಯ ಪಕ್ಕ ಇಡುವವರಿದ್ದಾರೆ. ಅದರ ಮೇಲೆ ಕರೆಂಟಿನ ಕಾಟ. ಗಾಳಿಗೆ ಎಲ್ಲೋ ಒಂದು ಮರ ತಂತಿ ಮೇಲೆ ಬಿತ್ತು ಅಂದರೆ ಮಿಕ್ಸಿಯೂ ಇಲ್ಲ, ಗ್ರೈಂಡರೂ ಇಲ್ಲ. ಹುದುಗು ಬೇಡದ, ಮಿಕ್ಸಿ ಬೇಡದ, ಮಕ್ಕಳ ಹೊಟ್ಟೆ ಮಧ್ಯಾಹ್ನದವರೆಗೆ ತಡೆಯುವ ತಿಂಡಿ ಬೇಕು ಅಂತ ಹುಡುಕುತ್ತಾ ನಾನು ಬಂದು ನಿಂತದ್ದು ಪ್ಯಾನ್‌ಕೇಕ್ ಹತ್ತಿರ. ಮೈದಾ, ಸಕ್ಕರೆ ಹಾಕಿದ್ದಲ್ಲ. ರಾಗಿ, ಗೋಧಿ, ಕಳಿತ ಬಾಳೆಹಣ್ಣು, ಮೊಟ್ಟೆ, ಮಜ್ಜಿಗೆ ಹಾಕಿದ್ದು.

ನಮ್ಮ ಮನೆ ಸುಂಟಿಕೊಪ್ಪದ ಹತ್ತಿರ. ನಾನು ಮಡಿಕೇರಿಗೆ ಕೆಲಸಕ್ಕೆ ಹೋಗುತ್ತೇನೆ, ಮಕ್ಕಳಿಬ್ಬರು ಶಾಲೆಗೆ. ಎಂಟು ಗಂಟೆಗೆ ಮುಂಚೆ ಎಲ್ಲರೂ ಗೇಟು ದಾಟಿರಬೇಕು. ಅಕ್ಕಿ ರೊಟ್ಟಿ, ಕಡಂಬುಟ್ಟು, ಅಕ್ಕಿ ಶಾವಿಗೆಯಂಥ ನೂಪುಟ್ಟು ನಮಗೆ ಪ್ರಾಣ. ಆದರೆ ನೂಪುಟ್ಟು ಒತ್ತುವುದಕ್ಕೆ ತೋಳು ಬೇಕು, ಕಡಂಬುಟ್ಟಿಗೆ ತರಿ ಬೇಯಿಸಿ, ಉಂಡೆ ಕಟ್ಟಿ, ಮತ್ತೆ ಹಬೆಯಲ್ಲಿ ಬೇಯಿಸುವ ಪುರುಸೊತ್ತು ಬೇಕು. ಅವೆಲ್ಲ ಭಾನುವಾರದ ತಿಂಡಿಗಳು. ವಾರದ ದಿನಗಳಲ್ಲಿ ನನಗೆ ಸಿಗುವುದು ಅರ್ಧ ಗಂಟೆ ಅಷ್ಟೇ.

ಅಂಗಡಿಯಲ್ಲಿ ಸಿಗುವ ಪ್ಯಾನ್‌ಕೇಕ್ ಪುಡಿಯ ಪ್ಯಾಕೆಟ್ ಹಿಂಭಾಗ ಒಮ್ಮೆ ಓದಿ. ಹೆಚ್ಚಿನವುಗಳಲ್ಲಿ ಮೊದಲ ಹೆಸರು ಮೈದಾ, ಅದರ ಹಿಂದೆಯೇ ಸಕ್ಕರೆ. ಪದಾರ್ಥಗಳನ್ನು ಬರೆಯುವುದು ತೂಕದ ಪ್ರಕಾರ, ಜಾಸ್ತಿ ಇರುವುದು ಮೊದಲು. ಅಂದಮೇಲೆ ಅದು ತಿಂಡಿಗಿಂತ ಬಿಸ್ಕತ್ತಿಗೇ ಹತ್ತಿರ. ಪುಡಿ ತಂದರೂ ಹಾಲು, ಮೊಟ್ಟೆ ನಾವೇ ಹಾಕಬೇಕು. ಹಾಗಾದರೆ ಹಿಟ್ಟೂ ನಮ್ಮದೇ ಇರಲಿ, ಅಲ್ವಾ?

ನಾನು ಹಾಕುವ ಅಳತೆ ಹೀಗಿದೆ. ಮೂರು ನಾಲ್ಕು ಜನಕ್ಕೆ ಅರ್ಧ ಕಪ್ ರಾಗಿ ಹಿಟ್ಟು, ಅರ್ಧ ಕಪ್ ಗೋಧಿ ಹಿಟ್ಟು, ಚೆನ್ನಾಗಿ ಕಳಿತ ಮೂರು ಪುಟ್ಟಬಾಳೆ, ಒಂದು ಮೊಟ್ಟೆ, ಮುಕ್ಕಾಲು ಕಪ್ ಗಟ್ಟಿ ಮಜ್ಜಿಗೆ, ಕಾಲು ಚಮಚ ಅಡುಗೆ ಸೋಡಾ, ಒಂದು ಚಮಚ ತುಪ್ಪ, ಚಿಟಿಕೆ ಉಪ್ಪು. ಎರಡು ಏಲಕ್ಕಿ ಜಜ್ಜಿ ಹಾಕಿದರೆ ಪರಿಮಳ. ಚಮಚ ಅಂದರೆ ಟೀ ಚಮಚ. ಇಷ್ಟರಲ್ಲಿ ಅಂಗೈ ಅಗಲದ ಎಂಟು ಆಗುತ್ತವೆ. ಜನ ಜಾಸ್ತಿ ಇದ್ದರೆ ಎಲ್ಲವನ್ನೂ ಎರಡರಷ್ಟು ಮಾಡಿ, ಅನುಪಾತ ಮಾತ್ರ ಬದಲಾಗಬಾರದು.

ಕೊಡಗು ಭತ್ತದ ನಾಡು. ನಮ್ಮ ಅಡುಗೆಮನೆಗೆ ರಾಗಿ ಬರುವುದು ಕುಶಾಲನಗರ ದಾಟಿದ ಮೇಲಿನ ಬಯಲುಸೀಮೆಯಿಂದ. ಆದರೂ ನಾನು ಅದನ್ನು ಬಿಡುವುದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು ಸುಮಾರು 120. ರಾಗಿಯಲ್ಲಿರುವುದು ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ, ಆದರೂ ಬೆಳೆಯುವ ಮಕ್ಕಳಿರುವ ಮನೆಗೆ ಅದು ಸಣ್ಣ ಮಾತಲ್ಲ. ಪೂರ್ತಿ ರಾಗಿ ಹಾಕಿದರೆ ಮಾತ್ರ ಮಗುಚುವಾಗ ಮುರಿಯುತ್ತದೆ. ಗೋಧಿಯಲ್ಲಿರುವ ಗ್ಲುಟೆನ್ ರಾಗಿಯಲ್ಲಿ ಇಲ್ಲ, ಹಿಡಿದಿಡುವ ಅಂಟು ಇಲ್ಲ. ಅದಕ್ಕೇ ಅರ್ಧ ಗೋಧಿ, ಜೊತೆಗೆ ಮೊಟ್ಟೆ. ಗೋಧಿ ಆಗದವರು ಆ ಅರ್ಧ ಕಪ್ಪಿನ ಬದಲು ಅಕ್ಕಿ ಹಿಟ್ಟು ಹಾಕಿ, ಮೊಟ್ಟೆ ಎರಡು ಮಾಡಿ, ಮಜ್ಜಿಗೆ ಸ್ವಲ್ಪ ಕಡಿಮೆ ಮಾಡಿಕೊಳ್ಳಬಹುದು. ಅಂಚು ಗರಿಗರಿಯಾಗಿ ಬರುತ್ತದೆ.

ಬಾಳೆಹಣ್ಣಿನ ವಿಷಯದಲ್ಲಿ ನಾನು ಹಠಮಾರಿ. ಸಿಪ್ಪೆ ಹಳದಿ ಇದ್ದರೆ ಸಾಲದು, ಕಪ್ಪು ಚುಕ್ಕೆ ಬಿದ್ದಿರಬೇಕು. ಕಾಯಿಯಲ್ಲಿರುವ ಪಿಷ್ಟ ಕಳಿಯುತ್ತಾ ಸಕ್ಕರೆಯಾಗುತ್ತದೆ. ಅರ್ಧ ಕಳಿತ ಹಣ್ಣು ಹಾಕಿ ಸಿಹಿ ಸಾಲದು ಅಂತ ಮೇಲೆ ಬೆಲ್ಲ ಸುರಿಯುವ ಬದಲು ಎರಡು ದಿನ ಕಾಯುವುದು ಮೇಲು. ಜುಲೈ ಗಾಳಿಗೆ ತೋಟದಲ್ಲಿ ಬಾಳೆ ಬೀಳುತ್ತದೆ, ಒಂದೇ ಸಲಕ್ಕೆ ಗೊನೆಗಟ್ಟಲೆ ಹಣ್ಣಾಗುತ್ತದೆ. ಮಕ್ಕಳು ಮುಟ್ಟದ ಆ ಕಪ್ಪು ಸಿಪ್ಪೆಯ ಹಣ್ಣೇ ಇದಕ್ಕೆ ಸರಿಯಾದದ್ದು. ನೇಂದ್ರ ಆದರೆ ಒಂದೇ ಸಾಕು. ಆದರೆ ಅದು ಗಟ್ಟಿ, ಸುಮ್ನೆ ಹಿಸುಕಿದರೆ ಗಂಟು ಉಳಿಯುತ್ತದೆ. ಸಿಪ್ಪೆ ಸಮೇತ ಐದು ನಿಮಿಷ ಹಬೆಯಲ್ಲಿಟ್ಟು ಆಮೇಲೆ ಹಿಸುಕಿದರೆ ಬೆಣ್ಣೆಯಂತಾಗುತ್ತದೆ.

ಹಲಸಿನ ಕಾಲದಲ್ಲಿ ಬಾಳೆಹಣ್ಣಿನ ಜಾಗಕ್ಕೆ ಹಲಸು ಬರುತ್ತದೆ. ಬಾಯಲ್ಲಿ ಕರಗುವ ಮೆತ್ತನೆ ಜಾತಿಯ ತೊಳೆ ಬೇಕು. ಅದನ್ನು ಜರಡಿಯ ಮೇಲೆ ಉಜ್ಜಿ ನಾರು ತೆಗೆದು ಅರ್ಧ ಕಪ್ ತಿರುಳು ಹಾಕಿ. ಮಾಗಿದ ಹಣ್ಣನ್ನೂ ಅಕ್ಕಿಯನ್ನೂ ಸೇರಿಸಿ ಬಾಳೆ ಎಲೆಯಲ್ಲಿ ಬೇಯಿಸುವ ಕೂವಲೆ ಪುಟ್ಟು ನಮ್ಮಲ್ಲಿ ಹಿಂದಿನಿಂದಲೂ ಇದೆ. ಹಾಗಾಗಿ ಹಣ್ಣು ಬೆರೆತ ಹಿಟ್ಟಿನ ರುಚಿ ಮನೆಯ ಹಿರಿಯರಿಗೆ ಹೊಸದಲ್ಲ. ನಮ್ಮ ಅತ್ತೆ ಮೊದಲ ತುತ್ತಿಗೇ ಒಪ್ಪಿಕೊಂಡರು.

ಈಗ ಕಲಸುವುದು. ಇಡೀ ಅಡುಗೆಯಲ್ಲಿ ಜಾಣತನ ಬೇಕಾದ ಜಾಗ ಇದೇ.

ಒಂದು ಅಗಲ ಪಾತ್ರೆಯಲ್ಲಿ ಬಾಳೆಹಣ್ಣನ್ನು ಫೋರ್ಕಿನಿಂದ ಹಿಸುಕಿ. ಮೊಟ್ಟೆ ಒಡೆದು ಹಾಕಿ ಚೆನ್ನಾಗಿ ಕದಡಿ, ಮಜ್ಜಿಗೆ, ತುಪ್ಪ, ಉಪ್ಪು, ಏಲಕ್ಕಿ ಸೇರಿಸಿ. ಇಲ್ಲಿಯವರೆಗೆ ಎಷ್ಟು ಬೇಕಾದರೂ ಕದಡಬಹುದು. ಹಿಟ್ಟು ಬಿದ್ದ ಮೇಲೆ ಕೈ ತಡೆಯಬೇಕು. ಒಣ ಹಿಟ್ಟು ಕಾಣದಷ್ಟು ಕಲಸಿ ಬಿಟ್ಟುಬಿಡಿ. ಸಣ್ಣ ಗಂಟು ಉಳಿದರೆ ಚಿಂತೆ ಇಲ್ಲ, ಬೇಯುವಾಗ ಕರಗುತ್ತದೆ. ತಿರುವಿ ತಿರುವಿ ನುಣ್ಣಗೆ ಮಾಡಿದರೆ ಗೋಧಿಯ ಗ್ಲುಟೆನ್ ಬಿಗಿಯಾಗಿ ಪ್ಯಾನ್‌ಕೇಕ್ ಜಗಿಯುವ ಹಾಗಾಗುತ್ತದೆ.

ಇದನ್ನು ಹತ್ತು ನಿಮಿಷ ಬಿಡಿ. ರಾಗಿ ಮತ್ತು ಗೋಧಿ ತೌಡು ನೀರು ಕುಡಿಯಲು ಹೊತ್ತು ಬೇಕು. ಆ ಹತ್ತು ನಿಮಿಷದಲ್ಲಿ ನಾನು ಕಾಫಿ ಇಳಿಸಿ, ಮಧ್ಯಾಹ್ನದ ಬುತ್ತಿಗೆ ಪಲ್ಯ ಒಗ್ಗರಣೆ ಹಾಕಿರುತ್ತೇನೆ. ಬಿಟ್ಟ ಮೇಲೆ ಹಿಟ್ಟು ಸ್ವಲ್ಪ ಗಟ್ಟಿಯಾಗಿರುತ್ತದೆ. ಸೌಟಿನಿಂದ ಎತ್ತಿ ಸುರಿದರೆ ದಪ್ಪ ಪಟ್ಟಿಯ ಹಾಗೆ ಬಿದ್ದು, ಪಾತ್ರೆಯಲ್ಲಿ ಒಂದು ಕ್ಷಣ ಗೆರೆ ನಿಂತು ಆಮೇಲೆ ಮಾಯವಾಗಬೇಕು. ಗೆರೆ ಹಾಗೇ ನಿಂತರೆ ಒಂದೆರಡು ಚಮಚ ಮಜ್ಜಿಗೆ ಬೇಕು ಅಂತ ಅರ್ಥ.

ಸೋಡಾ ಹಾಕುವುದು ಈಗ, ಕಾವಲಿ ಒಲೆಯ ಮೇಲೆ ಬಂದ ಮೇಲೆ. ಸೋಡಾ ಮಜ್ಜಿಗೆಯ ಹುಳಿ ಮುಟ್ಟಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳಲು ಶುರು. ಮೊದಲೇ ಹಾಕಿ ಹತ್ತು ನಿಮಿಷ ಬಿಟ್ಟರೆ ಅರ್ಧ ಗಾಳಿ ಪಾತ್ರೆಯಲ್ಲೇ ಹೋಗಿಬಿಡುತ್ತದೆ. ಒಂದು ಚಮಚ ನೀರಿನಲ್ಲಿ ಕರಗಿಸಿ ಹಿಟ್ಟಿನ ಮೇಲೆ ಹರಡಿ, ನಾಲ್ಕು ಸುತ್ತು ತಿರುವಿ, ತಡಮಾಡದೆ ಹೊಯ್ಯಿರಿ. ಉಬ್ಬಲಿ ಅಂತ ಸೋಡಾ ಜಾಸ್ತಿ ಹಾಕಬೇಡಿ. ಹುಳಿಗೆ ಸರಿಹೋಗಿ ಉಳಿದ ಸೋಡಾ ಸಾಬೂನಿನ ರುಚಿ ಕೊಡುತ್ತದೆ. ಮಜ್ಜಿಗೆ ಇಲ್ಲದೆ ಬರೀ ಹಾಲಿದ್ದರೆ ಎರಡು ಚಮಚ ನಿಂಬೆರಸ ಹಿಂಡಿ ಐದು ನಿಮಿಷ ಬಿಡಿ, ಅದೂ ನಡೆಯುತ್ತದೆ.

ಬೇಕಿಂಗ್ ಪೌಡರ್ ಬಳಸುವವರಿಗೆ ಒಂದು ಮಾತು. ಅದರಲ್ಲಿ ಸೋಡಾ ಜೊತೆ ಹುಳಿಯೂ ಸೇರಿರುತ್ತದೆ, ಹಾಗಾಗಿ ತೇವ ತಾಗಿದರೆ ಡಬ್ಬಿಯಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ. ನಮ್ಮೂರಿನ ಜೂನ್, ಜುಲೈ ಥಂಡಿಯಲ್ಲಿ ಉಪ್ಪೇ ನೀರಾಗಿ ಹರಿಯುವಾಗ ಇದರ ಪಾಡೇನು? ಅರ್ಧ ಚಮಚಕ್ಕೆ ಸ್ವಲ್ಪ ಬಿಸಿನೀರು ಹಾಕಿ ನೋಡಿ. ಬುಸುಬುಸು ನೊರೆ ಬಂದರೆ ಸರಿ, ಸುಮ್ಮನೆ ಕೂತರೆ ಹೊಸದು ತನ್ನಿ. ಅಡುಗೆ ಸೋಡಾಕ್ಕೆ ಇದೇ ಪರೀಕ್ಷೆಯನ್ನು ನಿಂಬೆರಸದಿಂದ ಮಾಡಬೇಕು.

ಕಾವಲಿ ನನ್ನದು ಹಳೆಯ ಕಬ್ಬಿಣದ್ದು. ದೋಸೆಗೆ ಕಾಯಿಸಿದಷ್ಟು ಕಾಯಿಸಬಾರದು. ಬಾಳೆಹಣ್ಣಿನ ಸಕ್ಕರೆ ಬೇಗ ಕರಟುತ್ತದೆ, ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ಅತ್ತೆ ಪಕ್ಕದಲ್ಲಿ ನಿಂತು, “ನೋಡಮ್ಮ, ಹೊಗೆ ಬರ್ತಾ ಉಂಟು, ಉರಿ ಇಳಿಸು” ಅನ್ನುತ್ತಾರೆ. ಅವರ ಮಾತು ಸರಿ. ನೀರು ಚಿಮುಕಿಸಿದರೆ ಹನಿಗಳು ಗುಂಡಗಾಗಿ ಕುಣಿದು ಓಡಬಾರದು, ಇದ್ದಲ್ಲೇ ಚುರ್ ಅಂದು ಆರಬೇಕು. ತುಪ್ಪ ಸವರಿದ ಬಟ್ಟೆಯಿಂದ ಒಮ್ಮೆ ಒರೆಸಿ, ಸಣ್ಣ ಸೌಟಿನಲ್ಲಿ ಹಿಟ್ಟು ಹೊಯ್ಯಿರಿ. ದೋಸೆಯ ಹಾಗೆ ಸೌಟಿನಿಂದ ತಿರುಗಿಸಿ ಹರಡಬೇಡಿ. ತಾನೇ ಎಷ್ಟು ಹರಡುತ್ತದೋ ಅಷ್ಟೇ.

ರಾಗಿ ಹಾಕಿದ ಪ್ಯಾನ್‌ಕೇಕ್‌ನಲ್ಲಿ ಬಣ್ಣ ನೋಡಿ ಬೆಂದಿದೆ ಅನ್ನಲು ಆಗುವುದಿಲ್ಲ, ಹಿಟ್ಟೇ ಕಂದು ಬಣ್ಣದ್ದು. ಮೇಲ್ಮೈ ನೋಡಬೇಕು. ಮೊದಲು ಅಂಚಿನಲ್ಲಿ ಒಂದೆರಡು ಗುಳ್ಳೆ ಏಳುತ್ತವೆ. ಅವು ಒಡೆದರೂ ತೂತು ತುಂಬಿಕೊಳ್ಳುತ್ತದೆ, ಹಿಟ್ಟು ಇನ್ನೂ ಹಸಿ. ಸ್ವಲ್ಪ ಹೊತ್ತಿಗೆ ನಡುವಿನಲ್ಲೂ ಗುಳ್ಳೆ ಬರುತ್ತವೆ. ಒಡೆದ ತೂತು ಹಾಗೇ ಉಳಿದು, ಅಂಚಿನ ಹೊಳಪು ಹೋಗಿ ಮಂಕಾದಾಗ ಸಟ್ಟುಗ ತೂರಿಸಿ ಒಂದೇ ಸಲ ಮಗುಚಿ. ಮೊದಲ ಬದಿಗೆ ಎರಡು ಎರಡೂವರೆ ನಿಮಿಷ, ಎರಡನೆಯದಕ್ಕೆ ಒಂದು ನಿಮಿಷ. ಮಗುಚಿದ ಮೇಲೆ ಸಟ್ಟುಗದಿಂದ ಒತ್ತಬೇಡಿ. ಎದ್ದ ಗಾಳಿಯನ್ನೆಲ್ಲ ನಾವೇ ಹೊರಗೆ ಅಟ್ಟಿದ ಹಾಗಾಗುತ್ತದೆ.

ನಾಲ್ಕು ಬರ್ನರಿನ ಒಲೆ ಇದ್ದವರು ಎರಡು ಕಾವಲಿ ಇಟ್ಟರೆ ಹತ್ತು ನಿಮಿಷದಲ್ಲಿ ಕೆಲಸ ಮುಗಿಯಿತು. ಬೆಂದದ್ದನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿಟ್ಟರೆ ಬೆವೆತು ಒದ್ದೆಯಾಗುತ್ತದೆ. ಬಿದಿರಿನ ತಟ್ಟೆಯ ಮೇಲೆ ಹರಡಿ ಬಟ್ಟೆ ಮುಚ್ಚುತ್ತೇನೆ.

ಮೇಲೆ ಏನು ಹಾಕಿಕೊಳ್ಳುವುದು? ಕೊಡಗಿನಲ್ಲಿದ್ದುಕೊಂಡು ಜೇನು ಬಿಟ್ಟು ಬೇರೆ ಹೇಳಲು ಮನಸ್ಸು ಬರುವುದಿಲ್ಲ. ಕಾಫಿ ಹೂ ಬಿಟ್ಟು ಮುಗಿದ ಮೇಲೆ ಬರುವ ಜೇನು ನನಗೆ ತುಂಬಾ ಇಷ್ಟ. ಚಳಿಗೆ ಬಾಟಲಿಯಲ್ಲಿ ಹರಳುಗಟ್ಟಿದರೆ ಕೆಟ್ಟಿದೆ ಅಂತ ಎಸೆಯಬೇಡಿ, ಉಗುರು ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ. ಆದರೆ ಒಂದು ಚಮಚಕ್ಕೆ ನಿಲ್ಲಿಸಬೇಕು. ಜೇನು ಎಷ್ಟೇ ಒಳ್ಳೆಯದಾದರೂ ಅದರಲ್ಲಿ ಹೆಚ್ಚಿನ ಪಾಲು ಸಕ್ಕರೆಯೇ. ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಲೇಬಾರದು. ಬಾಟುಲಿಸಂ ಅನ್ನುವ ಅಪಾಯಕಾರಿ ವಿಷಬಾಧೆ ಆಗಬಹುದು, ಕಾಯಿಸಿ ಕೊಟ್ಟರೂ ಅದು ತಪ್ಪುವುದಿಲ್ಲ. ಪಕ್ಕದಲ್ಲಿ ಮೊಸರು, ನೆನೆಸಿದ ಬಾದಾಮಿಯೋ ಹುರಿದ ಕಡಲೆಬೀಜವೋ ಇದ್ದರೆ ತಿಂಡಿ ಪೂರ್ತಿ. ಕಿತ್ತಳೆ ಕಾಲದಲ್ಲಿ ನಮ್ಮ ತೋಟದ ಕಿತ್ತಳೆಯ ಸಿಪ್ಪೆಯನ್ನು ಬಿಳಿ ಭಾಗ ಬಾರದ ಹಾಗೆ ತುರಿದು ಹಿಟ್ಟಿಗೆ ಹಾಕುತ್ತೇನೆ. ದೊಡ್ಡವರಿಗೆ ಜೊತೆಗೆ ಬೆಲ್ಲದ ಕಾಫಿ. ಕಕ್ಕಡ 18ರ ದಿನ, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ ಮಾತ್ರ ಇದಕ್ಕೆಲ್ಲ ರಜೆ. ಅವತ್ತು ಮದ್ದು ಸೊಪ್ಪಿನ ಪಾಯಸದ ಮುಂದೆ ಯಾವುದೂ ಇಲ್ಲ.

ಮಾವನವರಿಗೆ ಸಕ್ಕರೆ ಕಾಯಿಲೆ. ಅವರಿಗೆ ಬಾಳೆಹಣ್ಣೂ ಇಲ್ಲ, ಜೇನೂ ಇಲ್ಲ. ಅವರದ್ದನ್ನು ಖಾರಕ್ಕೆ ತಿರುಗಿಸುತ್ತೇನೆ. ರಾಗಿ ಕಾಲು ಕಪ್, ಕಡಲೆ ಹಿಟ್ಟು ಕಾಲು ಕಪ್, ಮೊಟ್ಟೆ ಒಂದು, ಕಾಲು ಕಪ್ ಮಜ್ಜಿಗೆ. ಅದಕ್ಕೆ ಒಂದು ಹಿಡಿ ನುಗ್ಗೆ ಸೊಪ್ಪು, ಸಣ್ಣಗೆ ಹೆಚ್ಚಿದ ಈರುಳ್ಳಿ, ಗಾಂಧಾರಿ ಮೆಣಸು, ಸ್ವಲ್ಪ ಕಾಯಿತುರಿ, ಉಪ್ಪು. ಸೋಡಾ ಚಿಟಿಕೆ, ಅದೂ ಕೊನೆಗೆ. ನುಗ್ಗೆ ಸೊಪ್ಪನ್ನು ಹಸಿಯಾಗಿ ಹಾಕಿದರೆ ಸ್ವಲ್ಪ ಕಹಿ ಬರುತ್ತದೆ, ಕಾವಲಿಯಲ್ಲಿ ಒಮ್ಮೆ ಬಾಡಿಸಿ ಹಾಕಿ. ಇದರ ಜೊತೆ ಟೊಮೆಟೊ ಚಟ್ನಿ. ಮಕ್ಕಳೂ ಈಗ ಅಜ್ಜನ ತಟ್ಟೆಗೇ ಕೈ ಹಾಕುತ್ತಾರೆ.

ಮೊಟ್ಟೆ ತಿನ್ನದ ದಿನ ಎರಡು ಚಮಚ ಅಗಸೆ ಬೀಜದ ಪುಡಿಯನ್ನು ಐದು ಚಮಚ ನೀರಿನಲ್ಲಿ ನೆನೆಸಿ ಹಾಕುತ್ತೇನೆ. ಹತ್ತು ನಿಮಿಷದಲ್ಲಿ ಅದು ಲೋಳೆಯಾಗಿ ಹಿಟ್ಟನ್ನು ಹಿಡಿಯುತ್ತದೆ. ಮೊಟ್ಟೆಯಷ್ಟು ಹಗುರ ಆಗುವುದಿಲ್ಲ, ಸ್ವಲ್ಪ ಚಿಕ್ಕದಾಗಿ ಹೊಯ್ದರೆ ಮುರಿಯದೆ ಬರುತ್ತದೆ.

ಬೆಳಗಿನ ಗಡಿಬಿಡಿ ಇನ್ನೂ ಕಡಿಮೆ ಮಾಡಬೇಕೆಂದರೆ ಒಣ ಹಿಟ್ಟನ್ನು ಭಾನುವಾರವೇ ಬೆರೆಸಿಡಿ. ರಾಗಿ ಹಿಟ್ಟನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟು ಹುರಿಯಿರಿ. ಹಸಿ ವಾಸನೆಯೂ ಹೋಗುತ್ತದೆ, ಮಳೆಗಾಲದ ಥಂಡಿಯೂ ಬಿಡುತ್ತದೆ. ಪೂರ್ತಿ ಆರಿದ ಮೇಲೆ ಗೋಧಿ ಹಿಟ್ಟು, ಉಪ್ಪು, ಏಲಕ್ಕಿ ಪುಡಿ ಸೇರಿಸಿ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ. ಸೋಡಾ ಬೆರೆಸಬೇಡಿ, ಅದರ ಡಬ್ಬಿ ಬೇರೆಯೇ ಇರಲಿ. ಆಮೇಲೆ ಬೆಳಿಗ್ಗೆ ಒಂದು ಕಪ್ ಪುಡಿಗೆ ಮೂರು ಹಣ್ಣು, ಒಂದು ಮೊಟ್ಟೆ, ತುಪ್ಪ, ಮಜ್ಜಿಗೆ. ನಮ್ಮ ದೊಡ್ಡ ಮಗಳು ಕರೆಂಟ್ ಇಲ್ಲದ ದಿನವೂ ಟಾರ್ಚ್ ಬೆಳಕಿನಲ್ಲಿ ತಾನೇ ಕಲಸಿ ಇಡುತ್ತಾಳೆ, ನಾನು ಬಂದು ಸೋಡಾ ಹಾಕಿ ಹೊಯ್ಯುವುದಷ್ಟೇ ಬಾಕಿ.