ಆರು ಶಬ್ದದ ಉಸಿರಾಟಕ್ಕೆ ಅಂಗೈ ಪರೀಕ್ಷೆ
ಚೀನಾದ ದಾವೋ ಪಂಥದ ಲ್ಯೂ ಜ಼ಿ ಜ್ಯುಎ, ಅಂದ್ರೆ ಆರು ಶಬ್ದದ ಉಸಿರಾಟ ಮಾಡುವವರು ಅಂಗೈಯನ್ನು ಬಾಯಿಂದ ಒಂದು ಗೇಣು ದೂರ ಹಿಡಿದು ‘ಹೂ’ ಎಂದು ಉಸಿರು ಬಿಡಿ, ಗಾಳಿ ಮೊದಲಿಂದ ಕೊನೆವರೆಗೂ ಒಂದೇ ಸಮ ತಾಗಬೇಕು. ಮೊದಲು ಜೋರಾಗಿ ಬಂದು ಆಮೇಲೆ ಸೊರಗಿದರೆ ನೀವು ಉಸಿರನ್ನು ಬಲವಂತವಾಗಿ ತಳ್ಳುತ್ತಿದ್ದೀರಿ ಅಂತ ಅರ್ಥ. 5-6ನೇ ಶತಮಾನದ ದಾವೋ ಗುರು ತಾವೊ ಹೊಂಗ್‌ಜಿಂಗ್ ಹೇಳಿದ್ದೂ ಇಷ್ಟೇ: ಮೂಗಿನಿಂದ ಎಳೆದು ಬಾಯಿಂದ ನಿಧಾನ ಬಿಡಿ. ಉಸಿರು ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ, ಮೈ ಸಡಿಲಾಗುತ್ತದೆ, ಅದಕ್ಕೇ ಇದು ಕೆಲಸ ಮಾಡುವುದು. ಮೂಗು ಕಟ್ಟಿದ್ದಾಗ, ಊಟವಾದ ತಕ್ಷಣ ಸುಮ್ನೆ ಪ್ರಯತ್ನಿಸಬೇಡಿ, ಸರಿ ಬರಲ್ಲ. ತಲೆ ಸುತ್ತಿದರೆ ನಿಲ್ಲಿಸಿ. ‘ಹೂ’ ಗುಲ್ಮಕ್ಕೆ (ಸ್ಪ್ಲೀನ್), ‘ಸ್ಸ್’ ಶ್ವಾಸಕೋಶಕ್ಕೆ ಅನ್ನುವುದು ಅವರ ಸಂಪ್ರದಾಯ, ಆ ಅಂಗದ ಕಾಯಿಲೆಗೆ ಔಷಧಿ ಬಿಟ್ಟು ಇದನ್ನೇ ನೆಚ್ಚಬೇಡಿ.